ಯಂತ್ರಕ್ಕಿಂತ ಮೊದಲು ಫ್ಲಾಸ್ಕಿನ ತಳ ನೋಡಿ: ಆಮ್ಲ ಡೈಜೆಷನ್ನಿನಲ್ಲಿ ದೋಷ ಹುಡುಕುವ ಬಗೆ

ಮಣ್ಣಿನಲ್ಲಿ ಸೀಸ ಕಡಿಮೆ ಬಂತು, ತೊಗರಿಯಲ್ಲಿ ಸತು ಹೆಚ್ಚು ಬಂತು, ಒಂದೇ ಮಾದರಿಯ ಎರಡು ಫ್ಲಾಸ್ಕಿಗೆ ಎರಡು ಲೆಕ್ಕ ಬಂತು. ಇಂಥದ್ದು ಆದಾಗ ನಮ್ಮ ಕಡೆಯ ಲ್ಯಾಬುಗಳಲ್ಲಿ ಮೊದಲು ಬೈಸಿಕೊಳ್ಳುವುದು ಯಂತ್ರ. ಎಎಎಸ್‌ನ, ಅಂದರೆ ಲೋಹ ಎಷ್ಟಿದೆ ಎಂದು ಬೆಳಕಿನಿಂದ ಅಳೆಯುವ ಯಂತ್ರದ, ಲ್ಯಾಂಪ್ ಬದಲಾಗುತ್ತದೆ, ಬರ್ನರ್ ತೊಳೆಯುತ್ತಾರೆ, ಸರ್ವಿಸ್ ಇಂಜಿನಿಯರ್‌ಗೆ ಫೋನ್ ಹೋಗುತ್ತದೆ. ಅವರು ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ಬರುವತನಕ ಮಾದರಿಗಳು ಕಪಾಟಿನಲ್ಲಿ ಕೂರುತ್ತವೆ. ಬಂದವರು ಸ್ಟ್ಯಾಂಡರ್ಡ್, ಅಂದರೆ ಲೋಹ ಎಷ್ಟಿದೆ ಎಂದು ಗೊತ್ತಿರುವ ದ್ರಾವಣ, ಓಡಿಸಿ, ಗೆರೆ ನೆಟ್ಟಗಿದೆ ಎಂದು ತೋರಿಸಿ ಹೋಗುತ್ತಾರೆ. ದೋಷ ಮಾತ್ರ ಇದ್ದಲ್ಲೇ ಇರುತ್ತದೆ, ಏಕೆಂದರೆ ಅದು ಇದ್ದದ್ದು ಹೊಗೆ ಹೊರಗೆಳೆಯುವ ಫ್ಯೂಮ್ ಹುಡ್ ಒಳಗೆ, ಹಾಟ್‌ಪ್ಲೇಟಿನ ಮೇಲೆ, ಮಾದರಿಯನ್ನು ಆಮ್ಲದಲ್ಲಿ ಕಾಯಿಸಿ ಲೋಹ ಕರಗಿಸುವ ಡೈಜೆಷನ್ನಿನಲ್ಲಿ.

ಕಲಬುರಗಿ, ಬೀದರ್, ಯಾದಗಿರಿಯ ಮಾದರಿಗಳನ್ನು ಒಂದೇ ಬೆಂಚಿನ ಮೇಲೆ ಇಟ್ಟುಕೊಂಡವರಿಗೆ ಈ ತೊಂದರೆ ಇನ್ನೂ ಜಾಸ್ತಿ. ಕಲಬುರಗಿ, ಸೇಡಂ, ಚಿತ್ತಾಪುರದ ಕಡೆ ಸುಣ್ಣ ಹೊತ್ತ ಎರೆಮಣ್ಣು. ಬೀದರಿನ ಎತ್ತರದ ಬಯಲಿನಲ್ಲಿ ಕಬ್ಬಿಣ ತುಂಬಿದ ಜಂಬಿಟ್ಟಿಗೆ. ಯಾದಗಿರಿ ಕಡೆ ಗ್ರಾನೈಟ್ ಸವೆದು ಬಂದ ಮರಳು ಮಿಶ್ರಿತ ಕೆಂಪು ಮಣ್ಣು. ಒಂದೇ ಆಮ್ಲ ಮಿಶ್ರಣ ಈ ಮೂರಕ್ಕೂ ಒಗ್ಗುವುದಿಲ್ಲ. ಯಾವ ಆಮ್ಲ ಯಾವುದನ್ನು ಕರಗಿಸುತ್ತದೆ, ಯಾವುದನ್ನು ಕರಗಿಸಿದ ಮೇಲೂ ಮತ್ತೆ ತಳಕ್ಕೆ ಇಳಿಸುತ್ತದೆ, ಯಾವುದನ್ನು ಹೊಗೆಯ ಜತೆ ಹಾರಿಸಿಬಿಡುತ್ತದೆ ಎಂಬುದು ಗೊತ್ತಿದ್ದರೆ ದೋಷ ಅರ್ಧ ಸಿಕ್ಕಂತೆ.

ಮೊದಲು ಮೂರು ಸಂಖ್ಯೆ

ಏನನ್ನೂ ಬದಲಿಸುವ ಮೊದಲು ಮೂರು ಸಂಖ್ಯೆ ಕೈಯಲ್ಲಿರಬೇಕು. ಇವಿಲ್ಲದೆ ಮಾಡುವ ರಿಪೇರಿಯೆಲ್ಲ ಕತ್ತಲಲ್ಲಿ ಕೈಯಾಡಿಸಿದ ಹಾಗೆ.

ಒಂದು, ಆಮ್ಲ ಹಾಕುವ ಮೊದಲೇ ಮಾದರಿಗೆ ಸೇರಿಸಿದ ಸ್ಪೈಕ್, ಅಂದರೆ ಅಳೆದು ಹಾಕಿದ ಲೋಹ, ಎಷ್ಟು ಮರಳಿ ಬಂತು. ಎರಡು, ಡೈಜೆಷನ್ ಮುಗಿದು, ಸೋಸಿ, ವಾಲ್ಯೂಮ್ ಮಾಡಿದ, ಅಂದರೆ ನೀರು ಸೇರಿಸಿ ಗೊತ್ತಾದ ಅಳತೆಗೆ ತಂದ, ದ್ರಾವಣಕ್ಕೆ ಕೊನೆಯಲ್ಲಿ ಸೇರಿಸಿದ ಸ್ಪೈಕ್ ಎಷ್ಟು ಮರಳಿ ಬಂತು. ಮೂರು, ಪ್ರಮಾಣೀಕೃತ ಉಲ್ಲೇಖ ಮಾದರಿ, ಅಂದರೆ ಲ್ಯಾಬಿನಲ್ಲಿ ಸಿಆರ್‌ಎಂ ಎನ್ನುವ ಡಬ್ಬಿಯ ಮಣ್ಣು, ತನ್ನ ಸರ್ಟಿಫಿಕೇಟಿನ ಮೌಲ್ಯಕ್ಕೆ ಎಷ್ಟು ಹತ್ತಿರ ಬಂತು.

ಸೀಸವನ್ನೇ ತೆಗೆದುಕೊಳ್ಳಿ. 1 ಗ್ರಾಂ ಮಣ್ಣಿನಲ್ಲಿ ಸುಮಾರು 20 ಮೈಕ್ರೋಗ್ರಾಂ ಸೀಸ ಇರಬಹುದು ಎಂಬ ಅಂದಾಜಿದ್ದರೆ, ಲೀಟರಿಗೆ 20 ಮಿಲಿಗ್ರಾಂ ಇರುವ ಸ್ಟ್ಯಾಂಡರ್ಡಿನಿಂದ 1 ಮಿ.ಲೀ. ಹಾಕಿದರೆ ಸರಿಯಾಗಿ ಇನ್ನೊಂದು 20 ಮೈಕ್ರೋಗ್ರಾಂ ಸೇರುತ್ತದೆ. ಎರಡೂ ಕೂಡಿ 50 ಮಿ.ಲೀ.ಗೆ ಮಾಡಿದಾಗ ಲೀಟರಿಗೆ 0.8 ಮಿಲಿಗ್ರಾಂ ಓದಬೇಕು. ಸ್ಪೈಕ್ ಮಾದರಿಯಲ್ಲಿರುವಷ್ಟೇ ಇರಲಿ. ಹತ್ತು ಪಟ್ಟು ಹಾಕಿದರೆ ಎಲ್ಲ ದೋಷವೂ ಮುಚ್ಚಿಹೋಗುತ್ತದೆ.

ಈಗ ಓದುವುದು ಹೀಗೆ. ಕೊನೆಯಲ್ಲಿ ಹಾಕಿದ ಸ್ಪೈಕೇ ಕಡಿಮೆ ಬಂದರೆ ತೊಂದರೆ ಅಳತೆಯ ಹಂತದ್ದು: ದ್ರಾವಣದಲ್ಲಿ ಉಪ್ಪು ಹೆಚ್ಚಿದೆ, ಆಮ್ಲದ ಪ್ರಮಾಣ ಸ್ಟ್ಯಾಂಡರ್ಡಿಗೆ ಹೊಂದುತ್ತಿಲ್ಲ, ಇಲ್ಲವೇ ಯಂತ್ರವೇ ಕೈಕೊಟ್ಟಿದೆ. ಕೊನೆಯದು ಸರಿ ಬಂದು ಮೊದಲು ಹಾಕಿದ್ದು ಕಡಿಮೆ ಬಂದರೆ, ಲೋಹ ದಾರಿಯಲ್ಲಿ ಕಳೆದಿದೆ: ಹಾರಿದೆ, ಚಿಮ್ಮಿದೆ, ಇಲ್ಲವೇ ತಳಕ್ಕೆ ಇಳಿದು ಸೋಸುವ ಕಾಗದದಲ್ಲಿ ಉಳಿದಿದೆ. ಎರಡು ಸ್ಪೈಕೂ ಸರಿ ಬಂದು ಸಿಆರ್‌ಎಂ ಮಾತ್ರ ಕಡಿಮೆ ಬಂದರೆ, ಕಳೆದದ್ದು ಏನೂ ಇಲ್ಲ, ಕರಗಲೇ ಇಲ್ಲ.

ಈ ಮೂರನೆಯ ಸ್ಥಿತಿಯಲ್ಲಿಯೇ ಹೆಚ್ಚಿನವರು ಮೋಸ ಹೋಗುವುದು. "ಸ್ಪೈಕ್ ತೊಂಬತ್ತೆಂಟು ಪರ್ಸೆಂಟ್ ಬಂದದ್ರಿ ಮೇಡಂ, ಡೈಜೆಷನ್ ಸರಿ ಆಗ್ಯಾದ" ಎಂದು ಹುಡುಗರು ಖುಷಿಯಿಂದ ಹೇಳುತ್ತಾರೆ. ಆ ಸ್ಪೈಕ್ ಬಾಟಲಿಯಿಂದ ಬರುವಾಗಲೇ ಕರಗಿದ ಸೀಸ. ಮಣ್ಣಿನ ಸೀಸವೋ ಕಬ್ಬಿಣದ ಆಕ್ಸೈಡಿನ ಒಳಗೆ, ಫೆಲ್ಡ್‌ಸ್ಪಾರ್ ಹರಳಿನ ಒಳಗೆ ಕೂತದ್ದು. ಕರಗಿದ್ದು ಮರಳಿ ಬಂತು ಎಂದ ಮಾತ್ರಕ್ಕೆ ಕರಗದೆ ಇದ್ದದ್ದು ಕರಗಿತು ಎಂದು ಅರ್ಥವಲ್ಲ. ಆಮ್ಲ ಸಾಕಾಯಿತೇ ಇಲ್ಲವೇ ಎಂಬುದನ್ನು ಸಿಆರ್‌ಎಂ ಮಾತ್ರ ಹೇಳಬಲ್ಲದು.

ಸಿಆರ್‌ಎಂ ಸರ್ಟಿಫಿಕೇಟನ್ನೂ ಪೂರ್ತಿ ಓದಬೇಕು. ಕೆಲವು ಮಾದರಿಗಳಿಗೆ ಒಟ್ಟು ಅಂಶ ಒಂದು ಕೋಷ್ಟಕದಲ್ಲಿ, ಆಮ್ಲದಲ್ಲಿ ಹೊರಬರುವ ಅಂಶ ಇನ್ನೊಂದು ಕೋಷ್ಟಕದಲ್ಲಿ ಇರುತ್ತದೆ. ನಾವು ಅಕ್ವಾ ರೀಜಿಯಾದಲ್ಲಿ, ಅಂದರೆ ಹೈಡ್ರೋಕ್ಲೋರಿಕ್, ನೈಟ್ರಿಕ್ ಆಮ್ಲಗಳ ಮಿಶ್ರಣದಲ್ಲಿ, ಕಾಯಿಸಿ ಒಟ್ಟು ಅಂಶದ ಜತೆ ಹೋಲಿಸಿದರೆ ಕ್ರೋಮಿಯಂ ಕಡಿಮೆಯೇ ಬರುತ್ತದೆ, ಏಕೆಂದರೆ ಕ್ರೋಮೈಟ್ ಖನಿಜ ಅಕ್ವಾ ರೀಜಿಯಾಗೆ ಜಗ್ಗುವುದಿಲ್ಲ. ಅದು ದೋಷವೇ ಅಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 3050ಬಿ ವಿಧಾನ ನಮ್ಮಲ್ಲಿ ಬಹಳ ಬಳಕೆಯಲ್ಲಿದೆ. ಹೆಚ್ಚಿನ ಮಾದರಿಗಳಿಗೆ ಇದು ಪೂರ್ಣ ಕರಗಿಸುವ ವಿಧಾನವಲ್ಲ ಎಂದು ಅದರಲ್ಲೇ ಬರೆದಿದ್ದಾರೆ. ತಳದಲ್ಲಿ ಬಿಳಿ ಮರಳು ಉಳಿಯಿತು ಎಂದು ಗಾಬರಿಯಾಗಿ ಎರಡು ತಾಸು ಹೆಚ್ಚು ಕಾಯಿಸುವುದರಿಂದ ಆಮ್ಲ ಖರ್ಚಾಗುತ್ತದೆ ಅಷ್ಟೆ.

ತಳದಲ್ಲಿ ಉಳಿದದ್ದು ಏನು?

ಫ್ಲಾಸ್ಕನ್ನು ಸೋಸುವ ಮೊದಲು ಬೆಳಕಿಗೆ ಹಿಡಿದು ನೋಡುವುದು ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಅಗ್ಗದ, ಅತಿ ಉಪಯೋಗದ ಪರೀಕ್ಷೆ. ಸೋಸಿ ಕಾಗದ ಬಕೆಟ್ಟಿಗೆ ಎಸೆದ ಮೇಲೆ ಸಾಕ್ಷಿ ಹೋಯಿತು.

ಬಿಳಿ ಉಳಿಕೆ ಎಂದರೆ ಎಲ್ಲವೂ ಸಿಲಿಕಾ ಅಲ್ಲ. ಗಾಜಿನ ಕಡ್ಡಿಯಿಂದ ತಳ ಮುಟ್ಟಿ ನೋಡಿ. ಕರಕರ ಎಂದರೆ ಸ್ಫಟಿಕದ ಮರಳು. ನೈಟ್ರಿಕ್, ಹೈಡ್ರೋಕ್ಲೋರಿಕ್, ಪರ್‌ಕ್ಲೋರಿಕ್ ಯಾವುದೂ ಅದನ್ನು ಮುಟ್ಟುವುದಿಲ್ಲ, ಬಿಟ್ಟುಬಿಡಿ. ಅಂಟಂಟಾಗಿ, ಅರೆಪಾರದರ್ಶಕವಾಗಿ, ಸೋಸುವಾಗ ಕಾಗದಕ್ಕೆ ಮೆತ್ತಿಕೊಂಡರೆ ಗಿಡದ ಎಲೆ, ದಂಟಿನಿಂದ ಬಂದ ಸಿಲಿಕಾ. ಅದನ್ನು ಬಿಸಿ ದುರ್ಬಲ ಆಮ್ಲದಿಂದ ಎರಡು ಸಲ ತೊಳೆದು ತೊಳೆದ ನೀರನ್ನೂ ಸೇರಿಸಿಕೊಳ್ಳದಿದ್ದರೆ ಸ್ವಲ್ಪ ಲೋಹ ಅದರಲ್ಲೇ ಉಳಿಯುತ್ತದೆ.

ಡೈ-ಆಸಿಡ್, ಅಂದರೆ ನೈಟ್ರಿಕ್ ಮತ್ತು ಪರ್‌ಕ್ಲೋರಿಕ್ 9:4 ಮಿಶ್ರಣದಲ್ಲಿ ತೊಗರಿ ಹೊಟ್ಟನ್ನೋ ಎಲೆಯನ್ನೋ ಕಾಯಿಸಿ, ಎರಡು ಮೂರು ಮಿ.ಲೀ. ಉಳಿದಾಗ ಇಳಿಸಿ ಆರಲು ಬಿಟ್ಟರೆ ಹೊಳೆಯುವ ಬಿಳಿ ಹರಳು ಕಾಣುತ್ತವೆ. ಅದು ಪೊಟ್ಯಾಸಿಯಂ ಪರ್‌ಕ್ಲೋರೇಟ್. ತಣ್ಣನೆಯ ದ್ರಾವಣದಲ್ಲಿ ಅದು ಕರಗುವುದು ಬಹಳ ಕಡಿಮೆ. 20 ಮಿ.ಲೀ. ಬಿಸಿ ನೀರು ಹಾಕಿ ಅಲುಗಿಸಿದರೆ ಮಾಯವಾಗುತ್ತದೆ. ಅದನ್ನು ಸಿಲಿಕಾ ಎಂದುಕೊಂಡು ತಣ್ಣಗೆ ಸೋಸಿಬಿಟ್ಟರೆ ವರದಿಯಲ್ಲಿ ಪೊಟ್ಯಾಷ್ ಕಡಿಮೆ ಬರುತ್ತದೆ, ರೈತನಿಗೆ ಬೇಡದ ಗೊಬ್ಬರದ ಸಲಹೆ ಹೋಗುತ್ತದೆ. ಪೊಟ್ಯಾಷ್ ಒಂದೇ ಸಮನೆ ಕಡಿಮೆ ಬರುತ್ತಿದ್ದರೆ ಮೊದಲು ಇದನ್ನೇ ಪರೀಕ್ಷಿಸಿ.

ಇನ್ನೊಂದು ಬಿಳಿ ಉಳಿಕೆ ಎರೆಮಣ್ಣಿನವರು ಚೆನ್ನಾಗಿ ಗುರುತಿಟ್ಟುಕೊಳ್ಳಬೇಕಾದದ್ದು: ರೇಷ್ಮೆಯಂತೆ ಮಿನುಗುವ ಸಣ್ಣ ಸೂಜಿಗಳು. ವಾಲ್ಯೂಮ್ ಮಾಡಿದಾಗ ತಿಳಿಯಾಗಿದ್ದ ದ್ರಾವಣದಲ್ಲಿ ಮರುದಿನ ಬೆಳಗ್ಗೆ ಕಾಣಿಸಿಕೊಳ್ಳುತ್ತವೆ. ಅದು ಜಿಪ್ಸಂ.

ಕಪ್ಪು ಚುಕ್ಕೆಗಳಿದ್ದರೆ ಎರಡು ಸಾಧ್ಯತೆ. ಫ್ಲಾಸ್ಕಿನ ಹೊರಗಿನಿಂದ ಒಂದು ಬಲವಾದ ಅಯಸ್ಕಾಂತ ಹಿಡಿಯಿರಿ. ಚುಕ್ಕೆಗಳು ಅದರ ಹಿಂದೆ ಬಂದರೆ ಮ್ಯಾಗ್ನೆಟೈಟ್. ದಖ್ಖನ್ ಬಸಾಲ್ಟಿನಿಂದ ಹುಟ್ಟಿದ ಮಣ್ಣಿನಲ್ಲಿ ಟೈಟಾನಿಯಂ ಬೆರೆತ ಮ್ಯಾಗ್ನೆಟೈಟ್ ಇರುವುದು ಸಹಜ. ಬರದೆ ದ್ರಾವಣದಲ್ಲಿ ತೇಲಾಡಿದರೆ ಕರಕಲು ಇಂಗಾಲ, ಅಂದರೆ ಸಾವಯವ ಅಂಶ ಪೂರ್ತಿ ಸುಟ್ಟಿಲ್ಲ.

ದ್ರಾವಣದ ಬಣ್ಣದಲ್ಲಿಯೂ ಒಂದು ತಪ್ಪು ತಿಳಿವಳಿಕೆ ಇದೆ. ಹಳದಿ ಇದ್ದರೆ ಡೈಜೆಷನ್ ಅರ್ಧ ಎಂದು ಮತ್ತೆ ಮತ್ತೆ ಹೈಡ್ರೋಜನ್ ಪೆರಾಕ್ಸೈಡ್ ಸುರಿಯುತ್ತಾರೆ. ಹೈಡ್ರೋಕ್ಲೋರಿಕ್ ಆಮ್ಲ ಬಿದ್ದ ಮೇಲೆ ಬರುವ ಹಳದಿ ಕಬ್ಬಿಣದ ಬಣ್ಣ, ಅದು ಎಷ್ಟು ಕಾಯಿಸಿದರೂ ಹೋಗುವುದಿಲ್ಲ. ನೋಡಬೇಕಾದದ್ದು ಹೊಗೆಯನ್ನು: ನೈಟ್ರಿಕ್ ಹಾಕಿದಾಗ ಮತ್ತೆ ಕಂದು ಹೊಗೆ ಏಳುತ್ತಿದ್ದರೆ ಉತ್ಕರ್ಷಣೆ ಇನ್ನೂ ನಡೆದಿದೆ. ಏಳದಿದ್ದರೆ ಮುಗಿದಿದೆ.

ಎರೆಮಣ್ಣು, ಸುಣ್ಣ, ಗಂಧಕಾಮ್ಲ

ಶಹಾಬಾದ್ ಪರ್ಶಿ ಕಲ್ಲು ಹಾಸದ ಮನೆ ಈ ಭಾಗದಲ್ಲಿ ಕಡಿಮೆ. ವಾಡಿ, ಮಳಖೇಡ, ಸೇಡಂನ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೂ ಅದೇ ಭೀಮಾ ಸುಣ್ಣಕಲ್ಲಿನ ಮೇಲೆ. ಸುತ್ತಲಿನ ಎರೆಹೊಲದಲ್ಲಿ ಸುಣ್ಣದ ಹರಳು ಕಣ್ಣಿಗೇ ಕಾಣುತ್ತವೆ. ಆದ್ದರಿಂದ ಮಣ್ಣು ತೂಗುವ ಮೊದಲು ಚಿಟಿಕೆ ಮಣ್ಣನ್ನು ವಾಚ್ ಗ್ಲಾಸಿನ ಮೇಲೆ ಇಟ್ಟು ಎರಡು ಹನಿ ದುರ್ಬಲ ಹೈಡ್ರೋಕ್ಲೋರಿಕ್ ಬಿಡಿ. ಬುರುಬುರು ನೊರೆ ಬಂದರೆ ಮಾದರಿಯ ಚೀಟಿಯ ಮೇಲೆ "ಸುಣ್ಣ" ಎಂದು ಬರೆದುಕೊಳ್ಳಿ. ಮುಂದಿನದೆಲ್ಲ ಆ ಒಂದು ಪದದ ಮೇಲೆ ನಿಂತಿದೆ.

ಸುಣ್ಣ ಆಮ್ಲವನ್ನು ತಿಂದುಬಿಡುತ್ತದೆ, ಅದಕ್ಕೇ ರಿಕವರಿ ಕಡಿಮೆ ಎಂದು ಹೇಳುವುದುಂಟು. ಲೆಕ್ಕ ಹಾಕಿದರೆ ಅದು ಅಷ್ಟು ದೊಡ್ಡದಲ್ಲ. ನೂರಕ್ಕೆ ನೂರು ಸುಣ್ಣಕಲ್ಲಾದ 1 ಗ್ರಾಂ ಪುಡಿಯೂ ತಿನ್ನುವುದು ಸುಮಾರು 1.3 ಮಿ.ಲೀ. ಸಾಂದ್ರ ನೈಟ್ರಿಕ್ ಆಮ್ಲವನ್ನು ಮಾತ್ರ. ನಿಜವಾದ ತೊಂದರೆ ಎರಡು: ಅನಿಲ ಮತ್ತು ಜಿಪ್ಸಂ.

ಅನಿಲದ್ದು ಮೊದಲು. ಅದೇ 1 ಗ್ರಾಂ ಸುಣ್ಣಕಲ್ಲು ಸುಮಾರು 250 ಮಿ.ಲೀ. ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ತೆರೆದ ಫ್ಲಾಸ್ಕಿನಲ್ಲಿ ಸಾಂದ್ರ ಆಮ್ಲ ಒಮ್ಮೆಲೇ ಸುರಿದರೆ ನೊರೆ ಕುತ್ತಿಗೆಗೆ ಏರಿ, ಮಣ್ಣಿನ ಒಂದು ಪಟ್ಟಿ ಮೇಲೆ ಅಂಟಿ ಒಣಗುತ್ತದೆ. ಆ ಪಟ್ಟಿಗೆ ಆಮ್ಲ ತಗಲುವುದೇ ಇಲ್ಲ. ಎರಡು ಫ್ಲಾಸ್ಕ್ ಎರಡು ಲೆಕ್ಕ ಕೊಡುವುದಕ್ಕೆ ಬಹಳ ಸಲ ಇದೇ ಕಾರಣ. ಮಣ್ಣನ್ನು ಮೊದಲು ಸ್ವಲ್ಪ ನೀರಿನಿಂದ ತೋಯಿಸಿ, ಆಮ್ಲವನ್ನು ಗೋಡೆಯಗುಂಟ ಸ್ವಲ್ಪ ಸ್ವಲ್ಪವೇ ಇಳಿಸಿ, ನೊರೆ ನಿಂತ ಮೇಲೆ ಬಿಸಿಗೆ ಇಡಿ. ಮೈಕ್ರೋವೇವ್ ಡೈಜೆಸ್ಟರ್ ಇದ್ದವರು ಇನ್ನೂ ಎಚ್ಚರ ವಹಿಸಬೇಕು. ಅರ್ಧ ಗ್ರಾಂ ಸುಣ್ಣಕಲ್ಲಿನ ಪುಡಿಗೆ 10 ಮಿ.ಲೀ. ನೈಟ್ರಿಕ್ ಹಾಕಿ ಕೂಡಲೇ ಮುಚ್ಚಳ ಬಿಗಿದರೆ, 100 ಮಿ.ಲೀ. ಪಾತ್ರೆಯ ಒಳಗೆ ಬಿಸಿ ಶುರುವಾಗುವ ಮೊದಲೇ ಒಂದು ವಾತಾವರಣಕ್ಕಿಂತ ಹೆಚ್ಚು ಒತ್ತಡ ಕೂಡುತ್ತದೆ. ನೊರೆ ಪೂರ್ತಿ ಅಡಗುವತನಕ ಮುಚ್ಚಳ ತೆರೆದೇ ಇರಲಿ, ಅರ್ಧ ತಾಸು ಹೋದರೂ ಪರವಾಗಿಲ್ಲ.

ಜಿಪ್ಸಂ ವಿಷಯ ಇನ್ನೂ ಸೂಕ್ಷ್ಮ. ಕೃಷಿ ಲ್ಯಾಬುಗಳಲ್ಲಿ ಟ್ರೈ-ಆಸಿಡ್ ಎಂಬ ಮಿಶ್ರಣ ಹಳೆಯ ಕಾಲದಿಂದ ಬಂದಿದೆ: ನೈಟ್ರಿಕ್, ಗಂಧಕಾಮ್ಲ, ಪರ್‌ಕ್ಲೋರಿಕ್ 10:1:4. ಗಂಧಕಾಮ್ಲಕ್ಕೆ ಒಂದು ದೊಡ್ಡ ಗುಣ ಇದೆ, ಸುಮಾರು 337 °ಸೆ.ವರೆಗೆ ಕುದಿಯುವುದಿಲ್ಲ. ನೈಟ್ರಿಕ್ 120ರ ಆಸುಪಾಸಿನಲ್ಲೇ ಹೊರಟುಹೋಗುತ್ತದೆ, ಹೈಡ್ರೋಕ್ಲೋರಿಕ್ 110ರ ಹತ್ತಿರ. ಗಂಧಕಾಮ್ಲ ಮಾತ್ರ ಕೊನೆಯವರೆಗೆ ನಿಂತು, ಫ್ಲಾಸ್ಕ್ ಒಣಗದಂತೆ ಕಾಯುತ್ತದೆ. ಕೆಲ್ಡಾಲ್ ವಿಧಾನದಲ್ಲಿ ಸಾರಜನಕ ಅಳೆಯಲು ಅದೇ ಬೇಕು. ಆದರೆ ಸುಣ್ಣದ ಮಣ್ಣಿಗೆ ಅದೇ ಶತ್ರು.

ಲೆಕ್ಕ ನೋಡಿ. ನೂರಕ್ಕೆ 15ರಷ್ಟು ಸುಣ್ಣ ಇರುವ 1 ಗ್ರಾಂ ಎರೆಮಣ್ಣಿನಲ್ಲಿ ಸುಣ್ಣದಿಂದಲೇ 60 ಮಿಲಿಗ್ರಾಂ ಕ್ಯಾಲ್ಸಿಯಂ. ಸಲ್ಫೇಟ್ ಸಿಕ್ಕರೆ ಅದು ಸುಮಾರು 258 ಮಿಲಿಗ್ರಾಂ ಜಿಪ್ಸಂ ಆಗಬಲ್ಲದು. 50 ಮಿ.ಲೀ.ಗೆ ಮಾಡಿದರೆ ಲೀಟರಿಗೆ 5 ಗ್ರಾಂ ದಾಟಿತು. ಜಿಪ್ಸಂ ನೀರಿನಲ್ಲಿ ಕರಗುವುದು ಲೀಟರಿಗೆ ಎರಡೂವರೆ ಗ್ರಾಂ ಆಸುಪಾಸು. ಉಳಿದದ್ದು ಎಲ್ಲಿ ಹೋಗಬೇಕು? ಸೂಜಿಯಾಗಿ ಕೂರುತ್ತದೆ, ಕೂರುವಾಗ ಸೀಸ, ಬೇರಿಯಂ, ಸ್ಟ್ರಾನ್ಷಿಯಂ ಅನ್ನು ತನ್ನ ಜತೆ ಕಟ್ಟಿಕೊಂಡು ಕೂರುತ್ತದೆ. ಸೀಸದ ಸಲ್ಫೇಟ್ ಲೀಟರಿಗೆ 40 ಮಿಲಿಗ್ರಾಂನಷ್ಟು ಕರಗುತ್ತದೆ, ಮಣ್ಣಿನ ಅಲ್ಪ ಸೀಸ ತಾನಾಗಿ ಸುಲಭಕ್ಕೆ ಬೀಳುವುದಿಲ್ಲ. ಬೀಳಿಸುವುದು ಈ ಜತೆಗಾರಿಕೆ. ಆದ್ದರಿಂದಲೇ ಆಮ್ಲಕ್ಕೆ ಮೊದಲು ಹಾಕಿದ ಸ್ಪೈಕ್ ಕೂಡ ಇಲ್ಲಿ ಕಡಿಮೆ ಬರುತ್ತದೆ, ಕೊನೆಗೆ ಹಾಕಿದ್ದು ಸರಿ ಇರುತ್ತದೆ.

ಪರಿಹಾರ ಸರಳ: ಸುಣ್ಣ ಎಂದು ಬರೆದುಕೊಂಡ ಮಾದರಿಗೆ ಸೀಸ, ಬೇರಿಯಂ ಬೇಕಿದ್ದರೆ ಗಂಧಕಾಮ್ಲ ಮುಟ್ಟಬೇಡಿ. ನೈಟ್ರಿಕ್, ಪೆರಾಕ್ಸೈಡ್, ಕೊನೆಗೆ ಹೈಡ್ರೋಕ್ಲೋರಿಕ್ ಸಾಕು. ಹೈಡ್ರೋಕ್ಲೋರಿಕ್ ಹಾಕಿದರೆ ಸೀಸದ ಕ್ಲೋರೈಡ್ ಬೀಳುತ್ತದೆಂದು ಹೆದರುವವರಿದ್ದಾರೆ. ಅದು ತಣ್ಣೀರಿನಲ್ಲೂ ಲೀಟರಿಗೆ ಸುಮಾರು 10 ಗ್ರಾಂ ಕರಗುತ್ತದೆ, ಮಣ್ಣಿನ ಸೀಸಕ್ಕೆ ಆ ಭಯ ಬೇಡ. ಬೆಳ್ಳಿ ಅಳೆಯುವವರು ಮಾತ್ರ ಕ್ಲೋರೈಡಿನಿಂದ ದೂರ ಇರಲಿ.

ಬೀದರಿನ ಕೆಂಪು

ಬೀದರಿನ ಮಣ್ಣನ್ನು ಬರೀ ನೈಟ್ರಿಕ್‌ನಲ್ಲಿ ಕಾಯಿಸಿದಾಗ ತಳದಲ್ಲಿ ಇಟ್ಟಿಗೆ ಬಣ್ಣದ ಪುಡಿ ಹಾಗೇ ಉಳಿಯುತ್ತದೆ. ಕಬ್ಬಿಣದ ಆಕ್ಸೈಡಿಗೆ ಉತ್ಕರ್ಷಣೆಯಿಂದ ಆಗಬೇಕಾದದ್ದೇನೂ ಇಲ್ಲ, ಅದು ಆಗಲೇ ಪೂರ್ತಿ ಉತ್ಕರ್ಷಣೆಗೊಂಡ ಕಬ್ಬಿಣ. ಅದಕ್ಕೆ ಬೇಕಾದದ್ದು ಕಬ್ಬಿಣವನ್ನು ಹಿಡಿದು ಎಳೆಯುವ ಕ್ಲೋರೈಡ್. ಹೈಡ್ರೋಕ್ಲೋರಿಕ್ ಬಿದ್ದು ಕಾಲು ತಾಸು ಬಿಸಿಯಾದರೆ ಕೆಂಪು ಇಳಿದು ದ್ರಾವಣ ಗಾಢ ಹಳದಿಯಾಗುತ್ತದೆ. ಆರ್ಸೆನಿಕ್, ವೆನೇಡಿಯಂ, ಕ್ರೋಮಿಯಂ ಈ ಆಕ್ಸೈಡಿಗೆ ಅಂಟಿಕೊಂಡಿರುವುದರಿಂದ ಕೆಂಪು ಉಳಿದ ಫ್ಲಾಸ್ಕಿನ ಲೆಕ್ಕವನ್ನು ನಂಬುವ ಹಾಗಿಲ್ಲ. ಮೈಕ್ರೋವೇವ್‌ನಲ್ಲಿ 10 ಮಿ.ಲೀ. ನೈಟ್ರಿಕ್ ಬದಲು 9 ಮಿ.ಲೀ. ನೈಟ್ರಿಕ್, 3 ಮಿ.ಲೀ. ಹೈಡ್ರೋಕ್ಲೋರಿಕ್ ಬಳಸಲು ಅದೇ ಅಮೆರಿಕದ ಸಂಸ್ಥೆಯ 3051ಎ ವಿಧಾನದಲ್ಲೇ ಅವಕಾಶ ಇದೆ.

ಯಾದಗಿರಿ, ಆರ್ಸೆನಿಕ್, ಯಾವುದು ಮೊದಲು

ಸುರಪುರ ತಾಲ್ಲೂಕಿನ ಮಂಗಳೂರು ಹಳೆಯ ಚಿನ್ನದ ಗಣಿಯ ಊರು. ಅದರ ಹತ್ತಿರದ ಕಿರದಳ್ಳಿ ತಾಂಡಾದ ನೀರಿನಲ್ಲಿ ಆರ್ಸೆನಿಕ್ ಇದ್ದು ಜನ ಚರ್ಮದ ಕಾಯಿಲೆಯಿಂದ ನರಳಿದ್ದು ಈ ಭಾಗದ ಎಲ್ಲರಿಗೂ ಗೊತ್ತು. ಕುಡಿಯುವ ನೀರಿನಲ್ಲಿ ಆರ್ಸೆನಿಕ್‌ನ ಸ್ವೀಕಾರಾರ್ಹ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಇಂಥ ಕಡೆಯ ಮಣ್ಣು, ಜೋಳ, ತರಕಾರಿ ಲ್ಯಾಬಿಗೆ ಬಂದಾಗ "ಕಂಡುಬಂದಿಲ್ಲ" ಎಂದು ತಪ್ಪಾಗಿ ಬರೆದರೆ ಅದನ್ನು ನಂಬಿ ಯಾರೋ ಅದೇ ನೀರು ಕುಡಿಯುತ್ತಾರೆ. ಅದಕ್ಕೇ ಈ ಭಾಗವನ್ನು ನಿಧಾನವಾಗಿ ಓದಿ ಎಂದು ಕೇಳಿಕೊಳ್ಳುತ್ತೇನೆ.

ಆರ್ಸೆನಿಕ್ ಮೂರನೆಯ ಉತ್ಕರ್ಷಣ ಸ್ಥಿತಿಯಲ್ಲಿದ್ದಾಗ ಹೈಡ್ರೋಕ್ಲೋರಿಕ್ ಸಿಕ್ಕರೆ ಟ್ರೈಕ್ಲೋರೈಡ್ ಆಗುತ್ತದೆ. ಅದು 130 °ಸೆ.ಗೆ ಕುದಿಯುತ್ತದೆ, ಅದಕ್ಕಿಂತ ಕಡಿಮೆ ಬಿಸಿಗೂ ತೆರೆದ ಪಾತ್ರೆಯಿಂದ ಹೊಗೆಯ ಜತೆ ಹೋಗುತ್ತಿರುತ್ತದೆ. ನೈಟ್ರಿಕ್ ಮೊದಲು ಹಾಕಿ ಚೆನ್ನಾಗಿ ಕಾಯಿಸಿದರೆ ಅದು ಐದನೆಯ ಸ್ಥಿತಿಗೆ ಏರಿ, ಆಮೇಲೆ ಹೈಡ್ರೋಕ್ಲೋರಿಕ್ ಬಿದ್ದರೂ ಹಾರುವುದಿಲ್ಲ. ಅಂದರೆ ಆಮ್ಲಗಳು ಅವೇ, ಪ್ರಮಾಣವೂ ಅದೇ, ಯಾವುದು ಮೊದಲು ಎಂಬುದರಲ್ಲೇ ಲೆಕ್ಕ ತಪ್ಪುತ್ತದೆ. ಅಕ್ವಾ ರೀಜಿಯಾವನ್ನು ಮೊದಲೇ ಬೆರೆಸಿ ತೆರೆದ ಬೀಕರಿನಲ್ಲಿ ಜೋರು ಬಿಸಿಗೆ ಇಟ್ಟವರು ಈ ಕ್ರಮ ಬದಲಿಸಿ ನೋಡಲಿ. ಪಾದರಸಕ್ಕೆ ಇಷ್ಟೂ ಸಾಲದು, ಅದಕ್ಕೆ ಮುಚ್ಚಿದ ಪಾತ್ರೆಯೇ ಬೇಕು.

ಆರ್ಸೆನಿಕ್ ಅನ್ನು ಅನಿಲವಾಗಿಸಿ ಅಳೆಯುವ ಹೈಡ್ರೈಡ್ ಜೋಡಣೆಯ ಎಎಎಸ್‌ನಲ್ಲಿ ಓದುವವರಿಗೆ ಇದರ ಮಗ್ಗುಲು ಬದಲಾಗುತ್ತದೆ. ಐದನೆಯ ಸ್ಥಿತಿಯ ಆರ್ಸೆನಿಕ್ ಅಲ್ಲಿ ನಿಧಾನ, ಓದು ಕಡಿಮೆ. ಅಳೆಯುವ ಮೊದಲು ಪೊಟ್ಯಾಸಿಯಂ ಅಯೋಡೈಡ್, ಆಸ್ಕಾರ್ಬಿಕ್ ಆಮ್ಲ ಹಾಕಿ ಮೂರನೆಯ ಸ್ಥಿತಿಗೆ ಇಳಿಸಲೇಬೇಕು. ಉಳಿದ ನೈಟ್ರಿಕ್ ಈ ಇಳಿಸುವ ಕೆಲಸಕ್ಕೆ ಅಡ್ಡಿ. ಅಯೋಡೈಡ್ ಹಾಕಿದಾಗ ದ್ರಾವಣ ಗಾಢ ಕಂದಾದರೆ ನೈಟ್ರಿಕ್ ಇನ್ನೂ ಬಹಳ ಇದೆ ಎಂದೇ ತಿಳಿಯಿರಿ. ಪರಮಾಣುಗಳನ್ನು ತೂಕದಿಂದ ಗುರುತಿಸುವ ಐಸಿಪಿ-ಎಂಎಸ್ ಯಂತ್ರ ಇದ್ದವರಿಗೆ ತೊಂದರೆ ಎದುರು ದಿಕ್ಕಿನದು: ಯಂತ್ರದ ಆರ್ಗಾನ್, ಆಮ್ಲದ ಕ್ಲೋರಿನ್ ಕೂಡಿ ಆರ್ಸೆನಿಕ್‌ನದೇ 75ರ ತೂಕದಲ್ಲಿ ಕಾಣಿಸಿಕೊಂಡು ಇಲ್ಲದ ಆರ್ಸೆನಿಕ್ ತೋರಿಸುತ್ತದೆ. ಅಲ್ಲಿ ಹೈಡ್ರೋಕ್ಲೋರಿಕ್ ಬಳಸಿದರೆ ಇಂಥ ಸುಳ್ಳು ಓದನ್ನು ತಡೆಯುವ ಕೊಲಿಷನ್ ಸೆಲ್ ಇಲ್ಲದೆ ಓದಬೇಡಿ.

ತೊಗರಿ, ಕುಸುಬೆ, ಶೇಂಗಾ: ಪರ್‌ಕ್ಲೋರಿಕ್‌ನ ಕಡೆ ಬೆನ್ನು ಮಾಡಬೇಡಿ

72 ಶೇಕಡಾ ಪರ್‌ಕ್ಲೋರಿಕ್ ತಣ್ಣಗಿದ್ದಾಗ ಸಾಧು. 203 °ಸೆ. ಹತ್ತಿರ ಕುದಿಯುವಾಗ ಅದಕ್ಕಿಂತ ಬಲವಾಗಿ ಸಾವಯವವನ್ನು ಸುಡುವ ಆಮ್ಲ ನಮ್ಮ ಬೆಂಚಿನಲ್ಲಿ ಇನ್ನೊಂದಿಲ್ಲ. ಸುಡಲು ಎಣ್ಣೆ ಸಿಕ್ಕರೆ ಅದು ಸ್ಫೋಟಿಸುತ್ತದೆ. ಶೇಂಗಾ, ಕುಸುಬೆ, ಎಳ್ಳಿನಂಥ ಎಣ್ಣೆಕಾಳಿಗೆ ಪರ್‌ಕ್ಲೋರಿಕ್ ಬೇಡವೇ ಬೇಡ. ಕಡಿಮೆ ತೂಕ ತೆಗೆದುಕೊಂಡು ಮುಚ್ಚಿದ ಪಾತ್ರೆಯಲ್ಲಿ ನೈಟ್ರಿಕ್, ಪೆರಾಕ್ಸೈಡ್ ಸಾಕು. ತೊಗರಿಯಲ್ಲಿ ಎಣ್ಣೆ ಕಡಿಮೆ, ಪ್ರೋಟೀನ್ ನೂರಕ್ಕೆ ಇಪ್ಪತ್ತೆರಡರ ಆಸುಪಾಸು, ಹಾಗಾಗಿ ನೊರೆ ಜಾಸ್ತಿ. 1 ಗ್ರಾಂ ಹಿಟ್ಟಿಗೆ 10 ಮಿ.ಲೀ. ನೈಟ್ರಿಕ್ ಹಾಕಿ ರಾತ್ರಿಯಿಡೀ ಬಿಟ್ಟರೆ ನೊರೆಯೂ ಅಡಗುತ್ತದೆ, ಮರುದಿನದ ಅಪಾಯವೂ ತಗ್ಗುತ್ತದೆ.

ಪರ್‌ಕ್ಲೋರಿಕ್ ಹಾಕಿದ ಮೇಲೆ ದ್ರಾವಣ ತಿಳಿಯಾಗುವ ಬದಲು ಕಂದಾಗಿ ಕಪ್ಪಾಗತೊಡಗಿದರೆ ಅದು ಎಚ್ಚರಿಕೆ. ಆ ಕ್ಷಣ ಬಿಸಿಯಿಂದ ಇಳಿಸಿ, ಆರಿದ ಮೇಲೆ ನೈಟ್ರಿಕ್ ಸೇರಿಸಿ, ಮತ್ತೆ ನಿಧಾನ ಬಿಸಿಯಿಂದ ಶುರು ಮಾಡಿ. ದಟ್ಟ ಬಿಳಿ ಹೊಗೆ ಬಂತು ಎಂದರೆ ನೈಟ್ರಿಕ್ ಮುಗಿದು ಪರ್‌ಕ್ಲೋರಿಕ್ ಕುದಿಯುತ್ತಿದೆ. ಎರಡು ಮಿ.ಲೀ. ಇರುವಾಗಲೇ ಇಳಿಸಬೇಕು, ಒಣಗಲು ಬಿಡಬಾರದು. ಒಣಗಿದರೆ ಅಪಾಯ ಒಂದು ಕಡೆ, ಲೆಕ್ಕವೂ ಕೆಡುತ್ತದೆ: ಕ್ಲೋರೈಡ್ ಇದ್ದರೆ ಕ್ರೋಮಿಯಂ ಕ್ರೋಮಿಲ್ ಕ್ಲೋರೈಡ್ ಆಗಿ ಹಾರುತ್ತದೆ. ಈ ಕೆಲಸಕ್ಕೆ ನೀರಿನಿಂದ ತೊಳೆಯುವ ವ್ಯವಸ್ಥೆ ಇರುವ ಹುಡ್ ಬೇಕು, ಸಾಮಾನ್ಯ ಹುಡ್‌ನ ಕೊಳವೆಯಲ್ಲಿ ಪರ್‌ಕ್ಲೋರೇಟ್ ಕೂತು ಒಂದು ದಿನ ಸುತ್ತಿಗೆ ತಗುಲಿದರೂ ಸಿಡಿಯಬಹುದು. ಅಂಥ ಹುಡ್ ಇಲ್ಲದ ಕಡೆ ಡೈ-ಆಸಿಡ್ ಬಿಟ್ಟು ಬೇರೆ ದಾರಿ ಹಿಡಿಯಿರಿ ಎಂಬುದು ನನ್ನ ಖಚಿತ ಅಭಿಪ್ರಾಯ, ಮೇಲಿನವರು ಏನೇ ಹೇಳಲಿ.

ಹೈಡ್ರೋಫ್ಲೋರಿಕ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಯಾದಗಿರಿಯ ಗ್ರಾನೈಟ್ ಮರಳು ಪೂರ್ತಿ ಕರಗಲೇಬೇಕು ಎಂದರೆ ಅದೊಂದೇ ಆಮ್ಲ. ಅದು ಗಾಜನ್ನೂ ತಿನ್ನುತ್ತದೆ, ಆದ್ದರಿಂದ ಟೆಫ್ಲಾನ್ ಪಾತ್ರೆ. ಮುಗಿದ ಮೇಲೆ ಬೋರಿಕ್ ಆಮ್ಲದಿಂದ ಕಟ್ಟಿಹಾಕದಿದ್ದರೆ ಎಎಎಸ್‌ನ ಗಾಜಿನ ಭಾಗ ಹೋಗುತ್ತದೆ. ಸುಣ್ಣದ ಮಣ್ಣಿಗೆ ಹಾಕಿದರೆ ಕ್ಯಾಲ್ಸಿಯಂ ಫ್ಲೋರೈಡ್ ಬಿದ್ದು ಹೊಸ ಬಿಳಿ ಉಳಿಕೆ ಹುಟ್ಟುತ್ತದೆ. ಕೈಗೆ ಬಿದ್ದರೆ ಮೊದಲಿಗೆ ನೋವೂ ಆಗದೆ ಒಳಗಿಳಿದು ಎಲುಬಿನ ಕ್ಯಾಲ್ಸಿಯಂಗೆ ಕೈ ಹಾಕುತ್ತದೆ. ಕ್ಯಾಲ್ಸಿಯಂ ಗ್ಲೂಕೋನೇಟ್ ಜೆಲ್ ಕಪಾಟಿನಲ್ಲಿ ಇಲ್ಲದ ಲ್ಯಾಬಿನಲ್ಲಿ ಆ ಬಾಟಲಿಯ ಮುಚ್ಚಳ ತೆರೆಯಬಾರದು.

ಬ್ಲ್ಯಾಂಕ್ ಏರಿದರೆ

ಮಾದರಿ ಇಲ್ಲದ ಫ್ಲಾಸ್ಕಿನಲ್ಲೇ ಸತು, ಕ್ಯಾಲ್ಸಿಯಂ ಕಂಡರೆ ಎಲ್ಲರೂ ಆಮ್ಲದ ಕಂಪನಿಯನ್ನು ದೂರುತ್ತಾರೆ. ತೀರ್ಮಾನಿಸಲು ಒಂದು ಸುಲಭ ದಾರಿ ಇದೆ: ಎರಡು ಬ್ಲ್ಯಾಂಕ್ ಇಡಿ, ಒಂದಕ್ಕೆ ಆಮ್ಲ ಎರಡು ಪಟ್ಟು. ಲೆಕ್ಕವೂ ಎರಡು ಪಟ್ಟಾದರೆ ಆಮ್ಲವೇ ಕಾರಣ. ಆಗದೆ ಹೆಚ್ಚುಕಡಿಮೆ ಅಷ್ಟೇ ಇದ್ದರೆ ಪಾತ್ರೆ, ನೀರು ಅಥವಾ ಗಾಳಿ.

ಗಾಳಿ ಎಂದದ್ದು ಸುಮ್ಮನೆ ಅಲ್ಲ. ಬೇಸಿಗೆಯಲ್ಲಿ ಕಿಟಕಿ ತೆರೆದಿಟ್ಟರೆ ಸುಣ್ಣಕಲ್ಲಿನ ಧೂಳು ಫ್ಲಾಸ್ಕಿಗೆ ಇಳಿದು ಕ್ಯಾಲ್ಸಿಯಂ ಏರುತ್ತದೆ. ಸತುವಿಗೆ ಪುಡಿ ಹಚ್ಚಿದ ಕೈಗವಸು, ರಬ್ಬರ್ ಬಿರಡೆ, ಆಮ್ಲದ ಹೊಗೆಗೆ ಸವೆದ ತಗಡಿನ ಕೊಳವೆ ನೋಡಿ. ತಾಮ್ರ ಮತ್ತು ಸತು ಎರಡೂ ಮಾದರಿಯಲ್ಲಿ ಜತೆಯಾಗಿ ಏರಿ ಬ್ಲ್ಯಾಂಕಿನಲ್ಲಿ ಏರದಿದ್ದರೆ ಜರಡಿ ಹಿತ್ತಾಳೆಯದು, ನೈಲಾನ್ ಜರಡಿ ತನ್ನಿ. ಕಬ್ಬಿಣ, ಕ್ರೋಮಿಯಂ, ನಿಕ್ಕಲ್ ಜತೆಯಾಗಿ ಏರಿದರೆ ಸ್ಟೀಲ್ ಗ್ರೈಂಡರ್. ಇಲ್ಲಿನ ಬೋರ್‌ವೆಲ್ ನೀರು ಗಡಸು, ನಲ್ಲಿ ನೀರಲ್ಲಿ ತೊಳೆದದ್ದನ್ನು 10 ಶೇಕಡಾ ನೈಟ್ರಿಕ್‌ನಲ್ಲಿ ರಾತ್ರಿಯಿಡೀ ನೆನೆಸಿ, ಡಿಅಯೊನೈಸ್ಡ್ ನೀರಿನಿಂದ ಜಾಲಿಸದೆ ಬಳಸಬೇಡಿ. ಪೆರಾಕ್ಸೈಡ್ ಬಾಟಲಿ 42 ಡಿಗ್ರಿ ಬಿಸಿಲಿನ ಕೋಣೆಯಲ್ಲಿದ್ದರೆ ಬಲ ಕಳೆದುಕೊಳ್ಳುತ್ತದೆ, ಅದರ ಜಾಗ ಫ್ರಿಜ್.

ಹಾಟ್‌ಪ್ಲೇಟನ್ನೂ ಒಮ್ಮೆ ಪರೀಕ್ಷಿಸಿ. 3050ಬಿ ಕೇಳುವುದು 95 °ಸೆ., ಐದು ಡಿಗ್ರಿ ಆಚೀಚೆ. ಗುಂಡಿಯ ಮೇಲಿನ ಅಂಕಿಯನ್ನು ನಂಬದೆ, ನಾಲ್ಕು ಮೂಲೆ ಮತ್ತು ನಡುವೆ ನೀರಿನ ಫ್ಲಾಸ್ಕ್ ಇಟ್ಟು ಥರ್ಮಾಮೀಟರ್ ಇಳಿಸಿ. ಮೂಲೆಯ ಫ್ಲಾಸ್ಕ್ ನಡುವಿನದಕ್ಕಿಂತ ಬಹಳ ತಣ್ಣಗಿದ್ದರೆ ಜೋಡಿ ಮಾದರಿಗಳು ಹೊಂದದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಕರೆಂಟ್ ಹೋದಾಗ ಫ್ಲಾಸ್ಕ್ ಮುಚ್ಚಿದ್ದರೆ ಮಾದರಿ ಕೆಡುವುದಿಲ್ಲ, ಆದರೆ ಎಕ್ಸಾಸ್ಟ್ ನಿಂತು ಕಂದು ಹೊಗೆ ಕೋಣೆಗೆ ಬರುತ್ತದೆ. ಹುಡ್‌ನ ಗಾಜು ಇಳಿಸಿ ಹೊರಗೆ ಹೋಗಿ.

ಇಷ್ಟೆಲ್ಲ ಸರಿ ಇದ್ದು ಕೊನೆಯ ಸ್ಪೈಕ್ ಕೂಡ ಕಡಿಮೆ ಬರುತ್ತಿದ್ದರೆ ಸ್ಟ್ಯಾಂಡರ್ಡುಗಳನ್ನು ಮಾದರಿಯಲ್ಲಿರುವ ಆಮ್ಲವೇ, ಅಷ್ಟೇ ಪ್ರಮಾಣದಲ್ಲಿ ಹಾಕಿ ಹೊಸದಾಗಿ ಮಾಡಿ. ಗಂಧಕಾಮ್ಲ ಇರುವ ದ್ರಾವಣ ಮಂದ, ದ್ರಾವಣವನ್ನು ತುಂತುರು ಮಾಡಿ ಯಂತ್ರಕ್ಕೆ ಕೊಡುವ ನೆಬ್ಯುಲೈಸರ್ ಅದನ್ನು ಕಡಿಮೆ ಎಳೆಯುತ್ತದೆ. ಮಾದರಿಯನ್ನು ಐದು ಪಟ್ಟು ತೆಳು ಮಾಡಿ ಓದಿ, ಐದರಿಂದ ಗುಣಿಸಿ. ಮೊದಲಿಗಿಂತ ಹೆಚ್ಚು ಬಂದರೆ ಉಪ್ಪಿನ ಅಡ್ಡಿ ಇತ್ತು ಎಂದು ಸಿದ್ಧವಾಯಿತು. ಅಷ್ಟೇ ಬಂದರೆ ಮಾತ್ರ ಇಂಜಿನಿಯರ್‌ಗೆ ಫೋನ್ ಮಾಡಿ, ಮಾಡುವಾಗ ಮೂರು ಸಂಖ್ಯೆಗಳನ್ನೂ ಸ್ಟ್ಯಾಂಡರ್ಡಿನ ಗೆರೆಯನ್ನೂ ಮುಂದಿಟ್ಟುಕೊಂಡು ಮಾತಾಡಿ. ಆಗ ಅವರು ಲ್ಯಾಂಪ್ ತರಬೇಕೋ ನೆಬ್ಯುಲೈಸರ್ ತರಬೇಕೋ ಎಂದು ಹೊರಡುವ ಮೊದಲೇ ತೀರ್ಮಾನಿಸಬಲ್ಲರು.